10.82 ಎಂದು ಬರೆದ ವಿದ್ಯಾರ್ಥಿನಿ

ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನ್ನನ್ನು ಪ್ರಾಯೋಗಿಕ ಪರೀಕ್ಷೆಯ ದಿನಗಳಲ್ಲಿ ಕಾಡುವ ಸಂಕಟ ಒಂದೇ: ಸರಳ ಲೋಲಕದಿಂದ, ಅಂದರೆ ದಾರಕ್ಕೆ ತೂಗುಬಿಟ್ಟ ಗುಂಡಿನಿಂದ, ಗುರುತ್ವ ವೇಗೋತ್ಕರ್ಷವನ್ನು (ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಮೀಟರ್/ಸೆಕೆಂಡ್ ಹೆಚ್ಚುತ್ತದೆ ಎಂಬುದನ್ನು) ಅಳೆಯುವ ಪ್ರಯೋಗ ಬಂದವರೆಲ್ಲರ ಉತ್ತರವೂ 9.8 ಆಗಿರುತ್ತದೆ. ದಾರ ಹಿಗ್ಗಿದ್ದರೂ 9.8, ಸ್ಟಾಪ್‌ವಾಚ್‌ನ ಗುಂಡಿ ಎರಡನೆಯ ಸಲ ಒತ್ತಿದಾಗ ಮಾತ್ರ ಕೆಲಸ ಮಾಡುತ್ತಿದ್ದರೂ 9.8. ಉತ್ತರವನ್ನು ಮೊದಲು ಬರೆದಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಕೋಷ್ಟಕದಲ್ಲಿ ಸೆಕೆಂಡುಗಳನ್ನು ತುಂಬುವ ವಿದ್ಯೆ ಹಿಂದಿನ ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ರೆಕಾರ್ಡ್ ಪುಸ್ತಕದ ಜೊತೆಯಲ್ಲಿಯೇ ದಾಟುತ್ತದೆ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಕೊನೆಯ ಉತ್ತರ ಸರಿಯಿದ್ದರೆ ಪೂರ್ಣ ಅಂಕ, ಇಲ್ಲವಾದರೆ ಕಡಿತ ಎಂಬ ಪದ್ಧತಿ ಇರುವ ತನಕ ಅವರು ಬೇರೇನು ಮಾಡಿಯಾರು?

ಈ ಸಲದ ಮೊದಲ ಪಿಯುಸಿ ಪರೀಕ್ಷೆಯಲ್ಲಿ ಒಬ್ಬ ಹುಡುಗಿ 10.82 ಎಂದು ಬರೆದಳು.

ಅವಳ ಟೇಬಲ್ಲಿನ ಬಳಿ ನಾನು ಹೋದಾಗ ಗ್ರಾಫ್ ಕೂಡ ಮುಗಿದಿತ್ತು. ದಾರದ ಉದ್ದಕ್ಕೆ ಎದುರಾಗಿ ಆವರ್ತಕಾಲದ, ಅಂದರೆ ಗುಂಡು ಆಚೆ ಹೋಗಿ ಮರಳಿ ಬರುವ ಒಂದು ಆಂದೋಲನಕ್ಕೆ ಹಿಡಿಯುವ ಕಾಲದ, ವರ್ಗವನ್ನು ಗುರುತಿಸಿದ್ದ ಚುಕ್ಕೆಗಳೆಲ್ಲವೂ ಒಂದೇ ನೇರ ಗೆರೆಯ ಮೇಲಿದ್ದವು, ಗೆರೆ ಮೂಲಬಿಂದುವಿನ ಮೂಲಕವೇ ಹಾದುಹೋಗಿತ್ತು. ಅಷ್ಟು ಶಿಸ್ತಾದ ಗ್ರಾಫಿನಿಂದ ಅಷ್ಟು ತಪ್ಪಾದ ಉತ್ತರ ಬಂದಿರುವುದನ್ನು ಕಂಡು ಜೊತೆಯ ಪರೀಕ್ಷಕರು, "ಲೆಕ್ಕದಲ್ಲೇ ಎಲ್ಲೋ ಎಡವಿದ್ದಾಳೆ ಸರ್, ತಿದ್ದಿಕೊಳ್ಳಲು ಹೇಳಿ, ಮುಂದಿನ ಬ್ಯಾಚ್ ಹೊರಗೆ ಕಾಯುತ್ತಿದೆ" ಎಂದರು. ಲೆಕ್ಕವನ್ನು ನಾನು ನೋಡಿದೆ, ಸರಿಯಾಗಿಯೇ ಇತ್ತು. ಒಂದು ಮೀಟರ್ ಉದ್ದಕ್ಕೆ 20 ಆಂದೋಲನಗಳ ಕಾಲ 38.2 ಸೆಕೆಂಡ್ ಎಂದು ಬರೆದಿದ್ದಳು. ನಮ್ಮ ಲ್ಯಾಬಿನಲ್ಲಿ ನಿಂತವರಿಗೆಲ್ಲ ಆ ಜಾಗದಲ್ಲಿ 40ರ ಆಸುಪಾಸಿನ ಸಂಖ್ಯೆ ಇರಬೇಕೆಂದು ಬಾಯಿಪಾಠವಾಗಿದೆ. ಅವಳಿಗೂ ಗೊತ್ತಿತ್ತು. "ಏನಮ್ಮ ಇದು?" ಎಂದು ಕೇಳಿದ್ದಕ್ಕೆ, "ಸರ್, ಮೂರು ಸಲ ನೋಡಿದೆ, ಹೀಗೇ ಬರುತ್ತಿದೆ. ಬರದೇ ಇರುವುದನ್ನು ಬರೆಯಲಿಲ್ಲ" ಎಂದಳು. ಅವಳ ಕಣ್ಣಂಚಿನಲ್ಲಿ ನೀರಿತ್ತು.

ಅಟೆಂಡರ್ ಬಂದು ಸಮಯವಾಯಿತೆಂದು ನೆನಪಿಸಿದರು. ಅವಳಿಗೆ ಉತ್ತರ ಹೇಳಿಕೊಡುವ ಹಾಗಿಲ್ಲ, ರೀಡಿಂಗ್ ತಿದ್ದೆನ್ನಲು ನನಗೆ ಮನಸ್ಸಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪ್ರಶ್ನೆ ಕೇಳುವ ಅಧಿಕಾರವಂತೂ ಪರೀಕ್ಷಕನಿಗೆ ಇದ್ದೇ ಇದೆ. ಆದ್ದರಿಂದ, "ಅದೇ ಉದ್ದಕ್ಕೆ 20ರ ಬದಲು 10 ಆಂದೋಲನಗಳನ್ನು ಅಳೆದರೆ ಉತ್ತರ ಬದಲಾಗಬೇಕೆ?" ಎಂದು ಕೇಳಿದೆ. ಬದಲಾಗಬಾರದು ಎಂದಳು. ಹಾಗಾದರೆ ಅಳೆದು ತೋರಿಸು ಎಂದೆ. ಬಂದದ್ದು 18.1 ಸೆಕೆಂಡ್. ಲೆಕ್ಕ ಹಾಕಿದಾಗ ಅವಳ ಉತ್ತರ 12.05ಕ್ಕೆ ಏರಿತು. ಜೊತೆಯ ಪರೀಕ್ಷಕರೂ ಆಗ ಕುರ್ಚಿ ಎಳೆದುಕೊಂಡು ಕುಳಿತರು.

ಅವಳು ಲೋಲಕದ ಗುಂಡನ್ನು ಮತ್ತೊಮ್ಮೆ ಬಿಟ್ಟು, ತುಟಿ ಅಲುಗಿಸುತ್ತ ಎಣಿಸತೊಡಗಿದಳು. ವಾಚ್ ಒತ್ತಿದ ಕ್ಷಣದಲ್ಲಿಯೇ "ಒಂದು" ಎಂದಳು, ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಕ್ಷಣದಲ್ಲಿ ಆಗಿರುವ ಆಂದೋಲನಗಳು ಸೊನ್ನೆ. ಹಾಗೆ ಎಣಿಸಿದವರ 20 ನಿಜವಾಗಿ 19, 10 ನಿಜವಾಗಿ 9. ಆವರ್ತಕಾಲ ಅಷ್ಟು ಪಾಲು ಕಡಿಮೆಯಾಗುತ್ತದೆ. ಅದರ ವರ್ಗದಿಂದ ಭಾಗಿಸುವುದರಿಂದ ಗುರುತ್ವ ವೇಗೋತ್ಕರ್ಷ 20ರ ಎಣಿಕೆಯಲ್ಲಿ ಶೇ. 11ರಷ್ಟು, 10ರ ಎಣಿಕೆಯಲ್ಲಿ ಶೇ. 23ರಷ್ಟು ಹೆಚ್ಚಾಗಿ ಕಾಣುತ್ತದೆ. ಎಲ್ಲ ಉದ್ದಗಳಲ್ಲೂ ಒಂದೇ ಪಾಲು ತಪ್ಪಿದ್ದುದರಿಂದ ಗ್ರಾಫ್ ಬಾಗಲೇ ಇಲ್ಲ, ಅದರ ಇಳಿಜಾರು ಮಾತ್ರ ತಪ್ಪಾಗಿತ್ತು. ಚುಕ್ಕೆಗಳು ಗೆರೆಯ ಮೇಲೆ ಕುಳಿತವೆಂದರೆ ಅಳತೆ ಸರಿ ಎಂದು ನಂಬುವ ಉಪನ್ಯಾಸಕರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಆ ಹಾಳೆಯನ್ನು ತೋರಿಸಬೇಕು.

ಮುಂದಿನದನ್ನು ಯಾರೂ ಅವಳಿಗೆ ಹೇಳಲಿಲ್ಲ. ಎರಡೂ ಅಳತೆಗಳಲ್ಲಿ ಒಂದೇ ಒಂದು ಆಂದೋಲನ ಕಡಿಮೆಯಾಗಿದೆಯಾದರೆ ಕಳೆದಾಗ ಆ ತಪ್ಪು ಹೊರಟುಹೋಗುತ್ತದಲ್ಲವೇ ಎಂದು ತಾನೇ ಕೇಳಿ, 38.2ರಿಂದ 18.1 ಅನ್ನು ಕಳೆದಳು. ಉಳಿದದ್ದು 10 ಆಂದೋಲನಗಳಿಗೆ 20.1 ಸೆಕೆಂಡ್. ಆವರ್ತಕಾಲ 2.01, ಉತ್ತರ 9.77. ಬರೆದ ಒಂದು ಅಂಕಿಯನ್ನೂ ಅಳಿಸದೆ ಅವಳು ಅಲ್ಲಿಗೆ ತಲುಪಿದ್ದಳು.

ಇದರಲ್ಲಿ ಅದೃಷ್ಟದ ಪಾಲೂ ಇದೆಯೆಂಬುದನ್ನು ಅವಳಿಗೆ ಹೇಳಿಯೇ ಕಳುಹಿಸಿದೆ. ವಾಚ್ ಸೆಕೆಂಡಿನ ನೂರನೆಯ ಒಂದು ಭಾಗವನ್ನು ತೋರಿಸಿದರೂ ಅದನ್ನು ಒತ್ತುವ ಬೆರಳು ಅಷ್ಟು ಚುರುಕಲ್ಲ. 20 ಸೆಕೆಂಡಿನಲ್ಲಿ 0.2 ಸೆಕೆಂಡ್ ಆಚೀಚೆಯಾದರೆ ಉತ್ತರದಲ್ಲಿ ಶೇ. 2ರಷ್ಟು, ಅಂದರೆ ಸುಮಾರು 0.2ರಷ್ಟು ವ್ಯತ್ಯಾಸವಾಗುತ್ತದೆ. 9.6 ಬಂದಿದ್ದರೂ ಅದು ಒಳ್ಳೆಯ ಅಳತೆಯೇ ಆಗುತ್ತಿತ್ತು. ಅಷ್ಟಕ್ಕೂ ಪಠ್ಯದ 9.8 ಎಲ್ಲ ಊರಿಗೂ ಒಂದೇ ಅಲ್ಲ. ಸಮಭಾಜಕದ ಬಳಿ ಸುಮಾರು 9.78, ಧ್ರುವಗಳಲ್ಲಿ ಸುಮಾರು 9.83. 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಿ 9.78ರ ಸಮೀಪವೇ ನಿರೀಕ್ಷಿಸಬೇಕು.

ಈ ವ್ಯತ್ಯಾಸ ಲೋಕಕ್ಕೆ ತಿಳಿದದ್ದೇ ಒಬ್ಬರು ತಮ್ಮ ರೀಡಿಂಗನ್ನು ತಿದ್ದದೆ ಉಳಿಸಿಕೊಂಡದ್ದರಿಂದ. 1672ರಲ್ಲಿ ಪ್ಯಾರಿಸ್ಸಿನಿಂದ ಸಮಭಾಜಕಕ್ಕೆ ಹತ್ತಿರವಿರುವ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಖಗೋಳಶಾಸ್ತ್ರಜ್ಞ ಜಾನ್ ರಿಷೆ, ಅಲ್ಲಿ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡರು. ಅದನ್ನು ಗಡಿಯಾರದ ದೋಷವೆಂದು ತಳ್ಳಿಹಾಕಲಿಲ್ಲ. ಭೂಮಿ ಸಮಭಾಜಕದಲ್ಲಿ ಉಬ್ಬಿದೆ ಎಂದು ವಾದಿಸುವಾಗ ನ್ಯೂಟನ್ ಅದೇ ಅಳತೆಯನ್ನು ಆಧಾರವಾಗಿ ಬಳಸಿಕೊಂಡರು. ತರಗತಿಯಲ್ಲಿ ಇದನ್ನು ಹೇಳಿ, ಪಕ್ಕದ ಕೋಣೆಯ ಲ್ಯಾಬಿನಲ್ಲಿ 9.8 ತರಿಸಿಕೊಳ್ಳುವುದು ನನಗೆ ಸಹಿಸಲಾಗದ ವಿಷಯ.

ಆ ಹುಡುಗಿಗೆ ಪೂರ್ಣ ಅಂಕ ಕೊಟ್ಟೆವು. ಜೊತೆಯ ಪರೀಕ್ಷಕರು ಆಕ್ಷೇಪಿಸಲಿಲ್ಲ, ಆದರೆ ಅಂಕಪಟ್ಟಿಯಲ್ಲಿ ಇದಕ್ಕೊಂದು ಕಲಂ ಇಲ್ಲವೆಂದು ಗೊಣಗಿದರು. ಅದು ನಿಜವೇ. ಹೊಸ ವಾಚ್‌ಗಳಿಗೆ ಬರೆದ ಮನವಿ ಕಚೇರಿಯಲ್ಲಿ ಇನ್ನೂ ಮಲಗಿದೆ. ಅದು ಬರಲಿ, ಬಿಡಲಿ, ಮುಂದಿನ ಬ್ಯಾಚಿನ ಕೋಷ್ಟಕದಲ್ಲಿ ಪ್ರತಿ ಉದ್ದಕ್ಕೂ 10 ಮತ್ತು 20 ಆಂದೋಲನಗಳ ಕಾಲ ಎರಡನ್ನೂ ಬರೆಸುತ್ತಿದ್ದೇನೆ, ಉತ್ತರದ ಜಾಗವನ್ನು ಪರೀಕ್ಷಕರೆದುರು ತುಂಬಬೇಕೆಂದು ಖಾಲಿ ಬಿಡಿಸುತ್ತಿದ್ದೇನೆ. ವಾಚ್ ಒತ್ತುವಾಗ "ಸೊನ್ನೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು.