ಓದು-ಬರಹದ ಅಭ್ಯಾಸ: ಹನ್ನೊಂದನೇ ವಾರ

ಗ್ರಂಥಾಲಯದ ಸಮಯದ ಬಗ್ಗೆ ಬರೆಯುತ್ತಿದ್ದ ಪ್ರಬಂಧದ ನಾಲ್ಕನೇ ಕರಡು ನಿನ್ನೆ ರಾತ್ರಿ ಮುಗಿಯಿತು. ಮೊದಲ ಕರಡು 900 ಪದ ಇತ್ತು, ಇದು 740. ಮೊದಲ ಕರಡಿನ ಹತ್ತು ವಾಕ್ಯವೂ ಇದರಲ್ಲಿ ಉಳಿದಿಲ್ಲ. ನಿಲುವು ಕೂಡ ಬದಲಾಗಿದೆ. ಅದು ಹೇಗಾಯಿತು ಅಂತ ಮರೆಯುವ ಮೊದಲೇ ಬರೆದಿಡುತ್ತೇನೆ.

ಕಾಲೇಜು ಮಟ್ಟದ ಪ್ರಬಂಧ ಬರೆಯುವುದನ್ನು ಬುಡದಿಂದ ಕಲಿಯಬೇಕು ಅಂತ ಶುರು ಮಾಡಿದಾಗ ನನ್ನ ಕೈಯಲ್ಲಿದ್ದದ್ದು ಶಾಲೆಯ ಅಚ್ಚು: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಆ ಅಚ್ಚು ಕೆಟ್ಟದ್ದಲ್ಲ. ಆದರೆ 'ನೀನು ಹೇಳುವುದನ್ನು ಯಾಕೆ ಒಪ್ಪಬೇಕು' ಅಂತ ಅದು ನನ್ನನ್ನು ಯಾವತ್ತೂ ಕೇಳಲಿಲ್ಲ. 'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರು ಮಾಡಿ ಮೂರು ಪುಟ ತುಂಬಿಸಿದರೆ ಪ್ರಬಂಧ ಆಗುತ್ತಿತ್ತು.

ಮೊದಲ ಎರಡು ವಾರ ಬರೀ ಓದಿದೆ. ಹೈಲೈಟರ್ ಹಿಡಿದು ಓದಿದೆ. ಪುಟವೆಲ್ಲ ಹಳದಿಯಾಯಿತು, ಆದರೆ ಲೇಖನದ ವಾದ ಏನು ಅಂತ ಎರಡು ಸಾಲಿನಲ್ಲಿ ಹೇಳಲು ಆಗಲಿಲ್ಲ. ಮೂರನೇ ವಾರ ಹೈಲೈಟರ್ ಬಿಟ್ಟು ಪೆನ್ಸಿಲ್ ಹಿಡಿದೆ. ಪ್ರತಿ ಪ್ಯಾರಾದ ಎಡ ಅಂಚಿನಲ್ಲಿ 'ಏನು ಹೇಳುತ್ತದೆ', ಬಲ ಅಂಚಿನಲ್ಲಿ 'ಏನು ಮಾಡುತ್ತದೆ' ಅಂತ ಒಂದೊಂದು ಸಾಲು ಬರೆಯತೊಡಗಿದೆ. ಎಡಗಡೆಯದು ಸುಲಭ. ಬಲಗಡೆಯದು ನಿಜವಾದ ಕಸರತ್ತು. 'ಪದದ ಅರ್ಥ ಕಟ್ಟುತ್ತದೆ', 'ಎದುರಿನವರ ಮಾತಿಗೆ ಜಾಗ ಕೊಡುತ್ತದೆ', 'ಹಿಂದಿನ ಉದಾಹರಣೆಯ ಮಿತಿ ಒಪ್ಪಿಕೊಳ್ಳುತ್ತದೆ', ಹೀಗೆ.

ಕೈಬರಹದ ಪರೀಕ್ಷೆ ಬೇಕೇ ಬೇಡವೇ ಅನ್ನುವ ಹನ್ನೆರಡು ಪ್ಯಾರಾದ ಒಂದು ಲೇಖನಕ್ಕೆ ಒಂದೂವರೆ ಗಂಟೆ ಹಿಡಿಯಿತು. ಏಳನೇ ಪ್ಯಾರಾದ ಹತ್ತಿರ ಪೆನ್ಸಿಲ್ ನಿಂತುಬಿಟ್ಟಿತು. ಎರಡನೇ ಪ್ಯಾರಾದಲ್ಲಿ 'ಕಲಿಕೆ' ಅಂದರೆ ವಿಷಯ ಅರ್ಥವಾಗುವುದು ಅಂತಿತ್ತು. ಏಳರಲ್ಲಿ ಅದೇ 'ಕಲಿಕೆ' ಬರೀ ಅಂಕ ಆಗಿತ್ತು. ಪದ ಒಂದೇ, ಒಳಗಿನ ಸರಕು ಬೇರೆ. ಮೊದಲ ಸಲ ಓದಿದಾಗ ನಾನು ತಲೆದೂಗಿ ಮುಂದೆ ಹೋಗಿದ್ದೆ. ಆ ಒಂದು ಪದ ಹಿಡಿದ ಮೇಲೆ ಕೊನೆಯ ಐದು ಪ್ಯಾರಾ ಯಾವ ನೆಲದ ಮೇಲೆ ನಿಂತಿವೆ ಅನ್ನುವುದು ಕಾಣಿಸಿತು. ಈ ಹನ್ನೊಂದು ವಾರದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಆ ಸಂಜೆ.

ಅದೇ ಪೆನ್ಸಿಲನ್ನು ನನ್ನ ಮೊದಲ ಕರಡಿನ ಮೇಲೆ ಹಿಡಿದೆ. ಬಲ ಅಂಚಿನಲ್ಲಿ ಬಂದದ್ದು: 'ಹೇಳುತ್ತದೆ', 'ಮತ್ತೆ ಹೇಳುತ್ತದೆ', 'ಮತ್ತೆ ಹೇಳುತ್ತದೆ'. ಐದು ಪ್ಯಾರಾ ಒಂದೇ ಕೆಲಸ ಮಾಡುತ್ತಿದ್ದವು.

ನನ್ನ ವಾದ ಇಷ್ಟೇ ಇತ್ತು: ಗ್ರಂಥಾಲಯವನ್ನು ಎಂಟರ ಬದಲು ರಾತ್ರಿ ಹತ್ತರವರೆಗೆ ತೆರೆದಿಡಬೇಕು, ಯಾಕೆಂದರೆ ಸಂಜೆ ಕೂರಲು ಕುರ್ಚಿ ಸಿಗುವುದಿಲ್ಲ. ಓದಿದರೆ ಸರಿ ಅನಿಸುತ್ತದೆ ಅಲ್ವಾ? ಸ್ಟೀಫನ್ ಟೂಲ್ಮಿನ್ ಎಂಬ ಬ್ರಿಟಿಷ್ ತತ್ವಶಾಸ್ತ್ರಜ್ಞ 1958ರಲ್ಲಿ ವಾದವನ್ನು ಬಿಚ್ಚಿ ನೋಡುವ ಒಂದು ಕ್ರಮ ಕೊಟ್ಟರು. ಅದರಲ್ಲಿ ಆರು ಭಾಗ ಇವೆ. ನಾನು ಮೊದಲು ಹಿಡಿದುಕೊಂಡದ್ದು ಮೂರನ್ನು: ನಿಲುವು, ಆಧಾರ, ಇವೆರಡನ್ನೂ ಸೇರಿಸುವ ಕೊಂಡಿ. ಕೊಂಡಿ ಸಾಮಾನ್ಯವಾಗಿ ಬಾಯಿಬಿಟ್ಟು ಹೇಳದೆ ಉಳಿದಿರುತ್ತದೆ. ನನ್ನ ವಾದದ ಕೊಂಡಿಯನ್ನು ಬರೆದು ನೋಡಿದೆ: 'ಸಮಯ ಹೆಚ್ಚಿಸಿದರೆ ಈಗ ಬರುವವರಲ್ಲಿ ಕೆಲವರು ತಡವಾಗಿ ಬರುತ್ತಾರೆ, ಕುರ್ಚಿ ಖಾಲಿಯಾಗುತ್ತದೆ.' ಇದು ನನಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ. ಸುಮ್ನೆ ನಂಬಿದ್ದೆ.

ಮೂರು ಸಂಜೆ ಹೋಗಿ ಎಣಿಸಿದೆ. ಐದೂವರೆಯಿಂದ ಏಳರವರೆಗೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಏಳೂವರೆಗೆ ಹತ್ತಿರ ಹತ್ತಿರ ಅರ್ಧ ಖಾಲಿ. ಬಾಗಿಲು ತೆರೆದೇ ಇದ್ದಾಗಲೂ ಜನ ಎದ್ದು ಹೋಗುತ್ತಿದ್ದರು. ಹಾಗಾದರೆ ನನ್ನ ಆಧಾರ ಕೇಳುತ್ತಿದ್ದದ್ದು ಹೆಚ್ಚಿನ ಸಮಯವನ್ನಲ್ಲ, ಹೆಚ್ಚಿನ ಕುರ್ಚಿಗಳನ್ನು. ಎರಡನೇ ಕರಡಿನ ನಿಲುವು ಅಲ್ಲೇ ಹುಟ್ಟಿತು. ನಾನು ನೋಡಿದ ಆ ಮೂರು ದಿನ ಪರೀಕ್ಷೆಯ ಹೊತ್ತಲ್ಲ. ಅದಕ್ಕೆ 'ಸಾಮಾನ್ಯ ದಿನಗಳಲ್ಲಿ' ಅಂತ ಎರಡು ಪದ ಸೇರಿಸಿದೆ. ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಅಂತ ಹೇಳುವುದೂ ಟೂಲ್ಮಿನ್ ಹೇಳಿದ ಆರು ಭಾಗಗಳಲ್ಲಿ ಒಂದು. ಮೊದಲು ಅದು ಹಿಂಜರಿಕೆಯಂತೆ ಕಾಣುತ್ತಿತ್ತು. ಈಗ ಅದಿಲ್ಲದ ಪ್ರಬಂಧವನ್ನು ನಂಬುವುದು ಕಷ್ಟವಾಗಿದೆ.

ಮೂರನೇ ಕರಡು ಪೂರ್ವಪಕ್ಷದ ಕೆಲಸ. ನಮ್ಮ ಶಾಸ್ತ್ರ ಚರ್ಚೆಗಳಲ್ಲಿ ಮೊದಲು ಎದುರಿನವರ ಮಾತನ್ನು ಇಡುತ್ತಾರೆ, ಆಮೇಲೆ ತಮ್ಮ ಸಿದ್ಧಾಂತ. ನಾನೂ ಒಂದು ಪ್ಯಾರಾ ಹಾಗೆ ಬರೆದೆ: 'ಕೆಲವರು ತಡರಾತ್ರಿಯವರೆಗೆ ಓದಲು ಬಯಸುತ್ತಾರೆ.' ಹತ್ತರವರೆಗೆ ತೆರೆದಿರಲಿ ಅನ್ನುವ ಗೆಳತಿಯೊಬ್ಬಳಿಗೆ ತೋರಿಸಿದೆ. "ನಾನು ಹೀಗೆ ಹೇಳೋದೇ ಇಲ್ಲ ಕಣೆ," ಅಂದಳು. "ನನ್ನ ರೂಮಿನಲ್ಲಿ ನಾಲ್ಕು ಜನ. ಒಂಬತ್ತಕ್ಕೆ ಅಲ್ಲಿ ಗಲಾಟೆ ಶುರು. ನಂಗೆ ಬೇಕಿರೋದು ಕುರ್ಚಿ ಅಲ್ಲ, ನಿಶ್ಶಬ್ದ." ನಾನು ಎಣಿಸಿದ್ದು ಬಂದವರನ್ನು ಮಾತ್ರ. ಎಂಟಕ್ಕೆ ಮುಚ್ಚುತ್ತದೆ ಅಂತ ಬರದೇ ಇದ್ದವರು ನನ್ನ ಲೆಕ್ಕದಲ್ಲೇ ಇರಲಿಲ್ಲ. ಆ ಪ್ಯಾರಾವನ್ನು ಅವಳು 'ಹೌದು, ಇದೇ ನನ್ನ ಮಾತು' ಅನ್ನುವವರೆಗೆ ಮೂರು ಸಲ ಬರೆದೆ. ಅದಕ್ಕೆ ಉತ್ತರ ಕೊಡಲು ಹೋದಾಗ ನನ್ನ ನಿಲುವು ಮತ್ತೊಮ್ಮೆ ಬಾಗಿತು: ಕುರ್ಚಿ ಎಲ್ಲರಿಗೂ ಹೆಚ್ಚಲಿ, ಜೊತೆಗೆ ಒಂದು ಸಣ್ಣ ಕೋಣೆ ಹತ್ತರವರೆಗೆ ತೆರೆದಿರಲಿ.

ಟಿಪ್ಪಣಿಯ ವಿಷಯದಲ್ಲಿ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಪುಟ ಮುಚ್ಚಿ ಬರೆಯುವುದು, ಆಮೇಲೆ ತೆರೆದು ಹೋಲಿಸುವುದು. ತೆರೆದಿಟ್ಟು ಬರೆದರೆ ಮೂಲದ ವಾಕ್ಯವೇ ನನ್ನದು ಅಂತ ಕೈಗೆ ಇಳಿದುಬಿಡುತ್ತದೆ. ಯಾರ ಮಾತು ಅಂತ ಅಲ್ಲೇ ಬರೆದುಕೊಳ್ಳುತ್ತೇನೆ, ಆಮೇಲೆ ಅಂತ ಬಿಡುವುದಿಲ್ಲ.

ನಾಲ್ಕನೇ ಕರಡಿನಲ್ಲಿ ಹೆಚ್ಚೇನೂ ಹೊಸದಿಲ್ಲ. ಜೋರಾಗಿ ಓದಿದೆ, ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಕತ್ತರಿಸಿದೆ. ಕೊನೆಯ ಪ್ಯಾರಾದಲ್ಲಿ ಅಡಗಿದ್ದ ನಿಲುವನ್ನು ಮೊದಲ ಪ್ಯಾರಾಕ್ಕೆ ತಂದೆ. ಅದು ಕೊನೆಯಲ್ಲಿ ಇದ್ದದ್ದು ಸಹಜವೇ, ಬರೆಯುತ್ತಾ ಬರೆಯುತ್ತಾ ತಾನೇ ನನಗೇ ಅದು ಸಿಕ್ಕಿದ್ದು. ಓದುವವರು ಮಾತ್ರ ಅಲ್ಲಿಯವರೆಗೆ ಕಾಯಬೇಕಿಲ್ಲ.

ಐದನೇ ಪ್ಯಾರಾದಲ್ಲಿ ಒಂದು 'ಆದ್ದರಿಂದ' ಇನ್ನೂ ಇದೆ. ಸಣ್ಣ ಕೋಣೆ ತೆರೆದಿಟ್ಟರೆ ಖರ್ಚು ಕಡಿಮೆ, ಆದ್ದರಿಂದ ಒಪ್ಪುತ್ತಾರೆ ಅಂತ ಬರೆದಿದ್ದೇನೆ. ಅದರ ಕೊಂಡಿ ಬರೆಯಲು ಕೂತರೆ ಬರುತ್ತಿಲ್ಲ. ಸೋಮವಾರ ಮಾತಾಡಲು ಗ್ರಂಥಪಾಲಕರ ಹತ್ತಿರ ಅರ್ಧ ಗಂಟೆ ಸಮಯ ಕೇಳಿದ್ದೇನೆ.