ತವರದ ಪೋಲಿ ಬಿಲ್ಲೆಗಳು

ಕಳೆದ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್‌ನ ನೈಮೇಗನ್ ಊರಿನ ಮಧ್ಯಯುಗದ ಹಬ್ಬಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಹಾಸನದಿಂದ ನಮ್ಮ ಮನೆಗೆ ಬಂದಿದ್ದರು. ನನಗೆ ನೋಡಬೇಕಿದ್ದದ್ದು ಮಧ್ಯಯುಗದ ಬ್ಯಾಡ್ಜ್‌ಗಳ, ಅಂದರೆ ಮೈಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಗಳ, ನಕಲನ್ನು ಎರಕ ಹೊಯ್ಯುವವರ ಅಂಗಡಿ.

ಅಂಗಡಿಯಾಕೆ ಕಲ್ಲಿನ ಅಚ್ಚಿನ ಎರಡು ಹೋಳು ಬಿಡಿಸಿ ತೋರಿಸಿದರು. ಒಳಗೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಎಲ್ಲ ಉಲ್ಟಾ. ಜೋಡಿಸಿ, ಬಿಗಿಯಾಗಿ ಹಿಡಿದು, ಕರಗಿದ ತವರವನ್ನು ಸೌಟಿನಿಂದ ಬಾಯಿಗೆ ಸುರಿದರು. ಸ್ವಲ್ಪ ಹೊತ್ತಿಗೆ ಅಚ್ಚು ತೆರೆದರೆ ಫಳಫಳ ಹೊಳೆಯುವ ಬಿಲ್ಲೆ. ರೆಕ್ಕೆ ಇದೆ, ಕಾಲಿದೆ, ಕೊರಳಿಗೆ ಗಂಟೆ ಇದೆ. ಉಳಿದದ್ದೆಲ್ಲ ಗಂಡಸಿನ ಅಂಗ!

ಪಕ್ಕದ ತಟ್ಟೆಯಲ್ಲಿ ಇನ್ನೂ ಇದ್ದವು. ಟೋಪಿ ಹಾಕಿ, ಕೋಲು ಜಪಮಾಲೆ ಹಿಡಿದು ಯಾತ್ರೆ ಹೊರಟ ಯೋನಿ. ಕಿರೀಟ ತೊಟ್ಟ ಯೋನಿಯನ್ನು ಹೊತ್ತು ಮೆರವಣಿಗೆ ಹೊರಟ ಮೂರು ಶಿಶ್ನಗಳು. ಇದರ ಮೂಲ ಸಿಕ್ಕಿದ್ದು ಬೆಲ್ಜಿಯಂನ ಬ್ರೂಜ್‌ನಲ್ಲಿ. ದೇವರ ಉತ್ಸವವನ್ನೇ ಹೀಗೆ ಆಡಿಕೊಳ್ಳಲು ಎಷ್ಟು ಧೈರ್ಯ ಬೇಕು ಅಲ್ವಾ? ಆ ಕಾಲದಲ್ಲಿ ಕ್ಯಾಂಟರ್ಬರಿ, ಆಕೆನ್‌ನಂಥ ಯಾತ್ರಾಸ್ಥಳಗಳಿಗೆ ಹೋದವರು ಸಂತರ ಬಿಲ್ಲೆ ಕೊಂಡು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಈ ಪೋಲಿ ಬಿಲ್ಲೆಗಳೂ ಅದೇ ಸೀಸ, ಅದೇ ತವರ, ಅದೇ ಬಗೆಯ ಅಚ್ಚಿನಲ್ಲಿ ಹುಟ್ಟಿದವು. ಹೆಚ್ಚಿನವು 14ನೇ ಶತಮಾನದ ಕೊನೆ ಮತ್ತು 15ನೇ ಶತಮಾನದ ಮೊದಲ ಭಾಗದವು. ಚಿನ್ನವಲ್ಲ, ಬೆಳ್ಳಿಯಲ್ಲ, ಬಡವರಿಗೂ ಕೈಗೆಟಕುವ ಒಡವೆ. ನನಗೆ ಇವು ಇಷ್ಟವಾಗುವುದೇ ಅದಕ್ಕೆ. ರಾಜರ ಕಥೆ ಬರೆದಿಟ್ಟವರು ಬೇಕಾದಷ್ಟು ಜನ. ಸಾಮಾನ್ಯ ಜನ ಯಾವುದಕ್ಕೆ ಬಿದ್ದು ಬಿದ್ದು ನಕ್ಕರು ಅನ್ನೋದನ್ನ ಯಾರು ಬರೆದಿಟ್ಟರು?

ಅವು ಉಳಿದದ್ದು ಕೆಸರಿನಿಂದ. ನೆದರ್ಲೆಂಡ್ಸ್‌ನ ಜೇಲಂಡ್ ಪ್ರಾಂತ್ಯದ ಎಷ್ಟೋ ಹಳ್ಳಿಗಳನ್ನು 1530ರ ನವೆಂಬರ್‌ನ ಮಹಾಪ್ರವಾಹ ನುಂಗಿತು. ಗಾಳಿಯಾಡದ ಆ ಹೂಳಿನಲ್ಲಿ ಸೀಸ ಸವೆಯಲಿಲ್ಲ. ಶತಮಾನಗಳ ಮೇಲೆ ಹವ್ಯಾಸಿಗಳು ಲೋಹಶೋಧಕ ಹಿಡಿದು ಅಲ್ಲಿ ಓಡಾಡಿದಾಗ ಗಂಟೆ ಕಟ್ಟಿಕೊಂಡವರೆಲ್ಲ ಎದ್ದು ಬಂದರು. ಸಿಕ್ಕಿದ ಬಿಲ್ಲೆಗಳನ್ನು ದಾಖಲಿಸುವ ಕುನೇರಾ ಎಂಬ ಡೇಟಾಬೇಸ್ ಇರುವುದೂ ಇದೇ ನೈಮೇಗನ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದಲ್ಲಿ.

ಅತ್ತೆ ಏನಂತಾರೋ ಅಂತ ಅವರ ಮುಖ ನೋಡಿದೆ. ಅವರು ರೆಕ್ಕೆಯದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡುತ್ತಿದ್ದರು.

"ಇದು ದೃಷ್ಟಿಗೆ ಹಾಕ್ಕೊಳ್ಳೋದು ಕಣೇ. ಮನೆ ಕಟ್ಟೋವಾಗ ಬೊಂಬೆ ಕಟ್ಟಲ್ವಾ, ಹಂಗೆ."

ಮೈ ಜುಮ್ಮೆಂದಿತು. ಕೆಟ್ಟ ಕಣ್ಣು ತಾಕದಿರಲಿ ಅಂತ ಇವನ್ನು ತೊಡುತ್ತಿದ್ದರು ಎಂದೇ ಹಲವು ವಿದ್ವಾಂಸರು ವಾದಿಸುತ್ತಾರೆ. ಸುಮ್ನೆ ತಮಾಷೆಗೆ ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಎರಡೂ ಒಂದೇ ಕೆಲಸ. ನೋಡಿದವರ ಕಣ್ಣು ಬಿಲ್ಲೆ ಮೇಲೆ ಬೀಳಬೇಕು, ನಗು ಬರಬೇಕು, ತೊಟ್ಟವರ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಮರೆತುಹೋಗಬೇಕು.

ಇದನ್ನು ಅಂಗಡಿಯಾಕೆಗೆ ಹೇಳಿದಾಗ ಅವರು ಅತ್ತೆಯ ಕೈ ಹಿಡಿದು ಕುಲುಕಿದರು. ಅತ್ತೆ ಯಾತ್ರೆಗೆ ಹೊರಟವಳನ್ನು ಆರಿಸಿ, ನನ್ನ ಕೈಲಿ ದುಡ್ಡು ಕೊಡಿಸಿ, ಅಲ್ಲೇ ಸ್ವೆಟರ್‌ಗೆ ಸಿಕ್ಕಿಸಿಕೊಂಡರು.