ನಿಮ್ಮ ಬಾದಾಮಿ ಟಾಫಿ ಹಲ್ಲಿಗೇಕೆ ಅಂಟುವುದಿಲ್ಲ?

ಪ್ರತಿ ಡಿಸೆಂಬರಿನಲ್ಲಿ ನೆರೆಹೊರೆಯವರಿಗೂ ನೆಂಟರಿಗೂ ಹಂಚಲೆಂದು ಬೆಂಗಳೂರಿನ ನಮ್ಮ ಮನೆಯಲ್ಲಿ ಬಾದಾಮಿ ಟಾಫಿ ಮಾಡುತ್ತೇನೆ. ಡಬ್ಬಿ ತೆರೆದವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ತಾವು ಮಾಡಿದ್ದು ಹಲ್ಲಿಗೆ ಅಂಟುತ್ತದೆ, ಇದು ಮಾತ್ರ ಹಪ್ಪಳದಂತೆ ಮುರಿಯುತ್ತದೆ, ಇದಕ್ಕೆ ಏನು ಹಾಕುತ್ತೀರಿ? ಹೆಚ್ಚಿಗೆ ಏನನ್ನೂ ಹಾಕುವುದಿಲ್ಲ. ನೀರನ್ನು ಹೋಗಲಾಡಿಸುತ್ತೇನೆ, ಅಷ್ಟೆ.

ನನ್ನ ಅಳತೆ 250 ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ, ಮೂರು ದೊಡ್ಡ ಚಮಚ ನೀರು, ಚಿಟಿಕೆ ಉಪ್ಪು, 150 ಗ್ರಾಂ ಹುರಿದ ಬಾದಾಮಿ ಚೂರು. ನಾವು ಹಾಕಿದ ನೀರಲ್ಲದೆ ಅಂಗಡಿಯ ಬೆಣ್ಣೆಯಲ್ಲೂ ಶೇಕಡಾ 16ರಷ್ಟು ನೀರಿರುತ್ತದೆ, ಅದೂ ಹೋಗಬೇಕು. ನೀರು ಆವಿಯಾದಂತೆಲ್ಲ ಪಾಕದ ಕಾವು ಏರುತ್ತದೆ. 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಿದರೆ ಜಗಿಯುವ ಮೆತ್ತನೆಯ ಮಿಠಾಯಿ, 150ರ ಹೊತ್ತಿಗೆ ನೀರು ಹೆಸರಿಗಷ್ಟೇ ಉಳಿದು ಗಾಜಿನಂತಹ ಗಟ್ಟಿ ಪಾಕ. ಬಣ್ಣ ಬಂತೆಂದು 135ರಲ್ಲೇ ಒಲೆ ಆರಿಸುವವರ ಟಾಫಿ ಅಂಟುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ಮಾತಿದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದ್ದರಿಂದ ಪುಸ್ತಕದಲ್ಲಿ 150 ಎಂದಿದ್ದರೆ ನಾನು 147ಕ್ಕೇ ಇಳಿಸುತ್ತೇನೆ. ಥರ್ಮಾಮೀಟರ್ ಇಲ್ಲದಿದ್ದರೆ ಚಿಕ್ಕಿ ಮಾಡುವ ಅಜ್ಜಿಯಂದಿರ ಉಪಾಯ ಸಾಕು: ತಣ್ಣೀರಿನ ಬಟ್ಟಲಿಗೆ ಒಂದು ಹನಿ ಪಾಕ ಬಿಟ್ಟು, ತೆಗೆದು ಸ್ಟೀಲ್ ತಟ್ಟೆಯ ಮೇಲೆ ಹಾಕಿದಾಗ ಟಣ್ಣೆಂದು ಸದ್ದಾಗಬೇಕು, ಮುರಿದರೆ ಬಗ್ಗದೆ ಚಟಕ್ಕನೆ ತುಂಡಾಗಬೇಕು.

ಬೆಣ್ಣೆಯ ಬದಲು ತುಪ್ಪ ಹಾಕಬಹುದೇ ಎಂದೂ ಕೇಳುತ್ತಾರೆ. ನಾನು ಒಪ್ಪುವುದಿಲ್ಲ, ಬೆಣ್ಣೆಯಲ್ಲಿರುವ ಹಾಲಿನ ಅಂಶ ಕೆಂಪಗಾಗುವುದರಿಂದಲೇ ಟಾಫಿಗೆ ಆ ಘಮ ಬರುತ್ತದೆ, ಜಿಡ್ಡು ಸಕ್ಕರೆಯೊಡನೆ ಹೊಂದಿಕೊಂಡಿರುವುದಕ್ಕೂ ಅದೇ ನೆರವಾಗುತ್ತದೆ. ಬೆಣ್ಣೆ ಹಾಕಿದರೂ ಉರಿ ಒಮ್ಮೆಲೇ ಹೆಚ್ಚಾದರೆ ಜಿಡ್ಡು ಬೇರ್ಪಟ್ಟು ಮೇಲೆ ತೇಲುತ್ತದೆ. ಆಗ ಗಾಬರಿಯಾಗದೆ ಉರಿ ತಗ್ಗಿಸಿ, ಮುಖವನ್ನು ದೂರವಿಟ್ಟುಕೊಂಡು, ಒಂದು ಚಮಚ ಬಿಸಿನೀರು ಹಾಕಿ ಕಲಕಿದರೆ ಬಹುಪಾಲು ಮತ್ತೆ ಒಂದಾಗುತ್ತದೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಇಪ್ಪತ್ತು ನಿಮಿಷದ ತಾಳ್ಮೆ ಇದ್ದರೆ ಆ ಪ್ರಸಂಗವೇ ಬರುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಮೊದಲ ವರ್ಷ ನಾನು ಕೆಟ್ಟೆ. ತಟ್ಟೆ ಇನ್ನೂ ಬೆಚ್ಚಗಿರುವಾಗಲೇ ಆತುರದಿಂದ ತುಂಡು ಮಾಡಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಮಂಗಳೂರಿಗೆ ಕಳಿಸಿದ್ದೆ. ಅಲ್ಲಿ ತಲುಪಿದ್ದು ಒಂದೇ ಕಂದು ಮುದ್ದೆ, ಅದರೊಳಗೆ ಹೂತುಹೋದ ಬೆಣ್ಣೆಕಾಗದ. ಸಕ್ಕರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕರಾವಳಿಯ ಗಾಳಿಯಲ್ಲಿ ಡಿಸೆಂಬರಿನಲ್ಲೂ ತೇವಕ್ಕೆ ಬರವಿಲ್ಲ. ಈಗ ಪೂರ್ತಿ ಆರಿದ ಮೇಲೆಯೇ ಮುರಿದು, ಪದರಗಳ ನಡುವೆ ಬೆಣ್ಣೆಕಾಗದ ಹಾಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬುತ್ತೇನೆ. ಬಾದಾಮಿ ಒಗ್ಗದ ಮಕ್ಕಳಿರಬಹುದೆಂದು ಮುಚ್ಚಳದ ಮೇಲೆ ಅದನ್ನು ಬರೆದು ಅಂಟಿಸುತ್ತೇನೆ. ಡಬ್ಬಿ ವಾಪಸು ಕೊಡಿ ಎಂದೂ ಬರೆಯುತ್ತೇನೆ. ಅದಕ್ಕೆ ಮಾತ್ರ ಇದುವರೆಗೆ ಯಾರೂ ಕಿವಿಗೊಟ್ಟಿಲ್ಲ.